ಮದುವೆಯ ಅರಳೆ

೧೮ ಡಿಸೆಂಬರ್ ೧೯೬೯, ಗುರುವಾರ

ಇವತ್ತಿನಿಂದ ನಮ್ಮ ಮನೆಯಲ್ಲಿ ಅನ್ನ ಬಸಿಯುವಂತಿಲ್ಲ. ಗಂಜಿಯ ಸಂಗಡ ಸತ್ವವೆಲ್ಲ ಮೋರಿಗೆ ಹೋಗುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರಂತೆ. ಮೊಮ್ಮಗಳು ನಜಮುನ್ನೀಸಾ ಒಲೆಯ ಮುಂದೆ ನಿಂತು ತಾಯಿಗೆ ಪಾಠ ಮಾಡಿದಳು. ಅವಳ ತಾಯಿ ಬಷೀರಾ, ಅಂದರೆ ನನ್ನ ಸೊಸೆ, ಸೌಟು ಹಿಡಿದು ಕಲೆಕ್ಟರ್ ಸಾಹೇಬರ ಎದುರು ನಿಂತ ಹಾಗೆ ನಿಂತಿದ್ದಳು.

"ನಾವು ಗಂಜಿ ಯಾವಾಗ ಮೋರಿಗೆ ಚೆಲ್ಲೀವಿ? ಉಪ್ಪು ಹಾಕ್ಕೊಂಡು ಕುಡದೀವಿ. ಅದನ್ನ ಕುಡದ ನಿಮ್ಮಪ್ಪ ಗಾದಿ ಹೊತಗೊಂಡು ಮೂರು ಮಾಳಿಗಿ ಏರತಾನ," ಎಂದೆ.

"ಕುಡಿದ್ರೆ ಠೀಕ್ ಹೈ ದಾದಿ. ಆದ್ರೆ ಅಬ್ಬಾ ಒಬ್ರೇ ಕುಡೀತಾರೆ. ಅಮ್ಮಿಗೆ ಏನು ಉಳೀತು?" ಎಂದಳು ಮೊಮ್ಮಗಳು.

ನಾನು ಬಷೀರಾಳ ಮುಖ ನೋಡಿದೆ. ಅವಳು ಸೌಟು ನೋಡುತ್ತಿದ್ದಳು. ಬಸಿಯದ ಅನ್ನ ಸ್ವಲ್ಪ ಮುದ್ದೆಯಾಯಿತು. ರುಚಿಯಾಗಿಯೇ ಇತ್ತು. ಹೇಳಲಿಲ್ಲ.

ಈ ಡೈರಿ ಪಕ್ಕದ ಖೋಲಿಯ ಚಂಪಾ ಕೊಟ್ಟದ್ದು. ಉಡುಪಿಯವಳು. ಅವಳ ಗಂಡ ಕೊರಗಪ್ಪ ಸಯನ್ನಿನ ಹೋಟೆಲಿನಲ್ಲಿ ಇದ್ದಾನೆ, ಅಲ್ಲಿ ಯಾರೋ ಬಿಟ್ಟುಹೋದ ಹಳೆಯ ಡೈರಿ. ತಾರೀಖು ಹೊಡೆದುಹಾಕಿ ನಾನೇ ಬರೆದುಕೊಳ್ಳುತ್ತೇನೆ. ಊರ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದ ಕನ್ನಡ ಇನ್ನೂ ಕೈಬಿಟ್ಟಿಲ್ಲ. ಮಗ ದಾವಲಸಾಬ ಮುನಿಸಿಪಾಲಿಟಿಯ ಮರಾಠಿ ಸಾಲೆ ಕಲಿತವನು. ನಜಮು ಕನ್ನಡವನ್ನು ಮಾತಾಡುತ್ತಾಳೆ, ಅದೂ ಅರ್ಧ ಹಿಂದಿ. ಆದ್ದರಿಂದ ಇಲ್ಲಿ ಯಾರನ್ನು ಬೇಕಾದರೂ ಬೈದು ಬರೆಯಬಹುದು.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಕಸುಬು. ಊರು ಬಿಟ್ಟು ಬಂದ ಈ ಶಹರದ ಜೋಗೇಶ್ವರಿಯಲ್ಲಿ, ಸಾಲುಖೋಲಿಗಳ ನಮ್ಮ ಚಾಳಿನ ಬಾಯಿಗೇ ಮಗನ ಅಂಗಡಿ. ಈ ಮನೆಯಿಂದ ಕಾಲೇಜಿಗೆ ಹೋದವಳು ನಜಮು ಒಬ್ಬಳೇ, ಅಲ್ಲಿ ಎರಡು ವಿದ್ಯೆ ಕಲಿಯುತ್ತಾಳೆ. ಒಂದು ಹೋಂ ಸಾಯನ್ಸ್: ಅಡುಗೆ, ಹೊಲಿಗೆ, ಕೂಸಿನ ಆರೈಕೆ, ರೋಗಿಯ ಶುಶ್ರೂಷೆ. ಇದು ಹೆಣ್ಣುಮಗಳಿಗೆ ಬೇಕಾದದ್ದು. ಇನ್ನೊಂದು ಪಿ.ಟಿ.: ಓಡುವುದು, ಮರದ ಕುದುರೆಯ ಮೇಲಿಂದ ಹಾರುವುದು, ಲಾಗ ಹೊಡೆಯುವುದು. ಇದು ಸರ್ಕಸ್ಸಿನವರಿಗೆ ಬೇಕಾದದ್ದು. ಎರಡರಲ್ಲೂ ಪಾಸಾದರೇನೇ ಸಾಲೆಯಲ್ಲಿ ಮಾಸ್ತರಬಾಯಿ ಆಗಬಹುದಂತೆ.

ಅವಳ ಅಪ್ಪನ ಮಾತು ಸ್ಪಷ್ಟ ಇದೆ. "ಮಾರ್ಚಿನ್ಯಾಗ ಒಂದ ಸಲ ಪರೀಕ್ಷಾಕ್ಕ ಕೂಡ್ರು. ಪಾಸಾದ್ರ ಮಾಸ್ತರಕಿ ಮಾಡು. ಇಲ್ಲಾಂದ್ರ ಬಾಗಲಕೋಟಿ ಮಂದಿಗೆ ಹೂಂ ಅಂತೀನಿ. ಎರಡನೇ ಸಲ ಅನ್ನೂದಿಲ್ಲ."

ಬಾಗಲಕೋಟೆಯಿಂದ ಹೆಣ್ಣು ಕೇಳಿದ್ದಾರೆ. ನನಗೆ ಎರಡೂ ಅಡ್ಡಿಯಿಲ್ಲ. ಅಟ್ಟದ ಮೇಲೆ ಅರಳೆಯ ಮೂಟೆ ಇದೆ. ನಮ್ಮವರು, ದಾವಲಸಾಬನ ಅಪ್ಪ, ಕಡೆಯ ಸಲ ಊರಿಗೆ ಹೋದಾಗ ಹುಬ್ಬಳ್ಳಿ ಪೇಟೆಯಲ್ಲಿ ನಿಂತು ಆರಿಸಿ ತಂದದ್ದು. ಹಾಲಿನ ಕೆನೆಯ ಹಾಗಿದೆ. "ನಜಮೂನ ಮದುವಿ ಗಾದಿಗೆ" ಎಂದು ಹೇಳಿ ಇಟ್ಟರು, ಆ ಚಳಿಗಾಲದಲ್ಲೇ ತೀರಿಹೋದರು. ಬರುವ ವರ್ಷ ಈ ಹೊತ್ತಿಗೆ ಆ ಗಾದಿ ಹೊಲಿದಿರುತ್ತೇನೆ ಎಂದುಕೊಂಡಿದ್ದೇನೆ.

೨೩ ಡಿಸೆಂಬರ್, ಮಂಗಳವಾರ

ನಜಮುವಿನ ಬೆನ್ನಿಗೆ ಎಣ್ಣೆ ಹಚ್ಚುವಾಗ ನೋಡಿದೆ. ಹೆಗಲ ಕೆಳಗೆ ನೀಲಿಗಟ್ಟಿದೆ. ಪಿ.ಟಿ.ಗೆ ಹಾಸುವ ಕಾಲೇಜಿನ ಗಾದಿಯ ಮೇಲೆ ಬಿದ್ದು ಬಿದ್ದು ಹೀಗಾಗಿದೆ. ಅದು ಹರಿದಿದೆಯಂತೆ, ಹಲಗೆಯ ಹಾಗೆ ಸೆಟೆದಿದೆಯಂತೆ.

ಗಾದಿ ಹಲಗೆಯಾಯಿತು ಅಂದರೆ ಅದಕ್ಕೆ ವಯಸ್ಸಾಯಿತು. ಒಳಗೆ ಅರಳೆ ಗಂಟು ಕಟ್ಟಿರುತ್ತದೆ. ಬಿಚ್ಚಿ ಹಿಂಜಿದರೆ ಮತ್ತೆ ಎದೆಯುಬ್ಬಿಸಿ ಏಳುತ್ತದೆ. ಇಷ್ಟು ಸಣ್ಣ ಸಂಗತಿ ಆ ದೊಡ್ಡ ಕಾಲೇಜಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

೩ ಜನವರಿ ೧೯೭೦, ಶನಿವಾರ

ಪಿ.ಟಿ. ಕಲಿಸುವ ಮಾಸ್ತರಬಾಯಿ ಇವತ್ತು ತಾವೇ ಅಂಗಡಿಗೆ ಬಂದರು. ಹೆಸರು ಕಸ್ತೂರಿಬಾಯಿ, ಗದಗಿನ ಕಡೆಯವರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡ ಹೆಂಗಸನ್ನು ನೋಡಿದ್ದು ಇದೇ ಮೊದಲು. ನಗು ಬಂತು. ಆದರೆ ಅವರು ಮಾತು ತೆಗೆದ ಕೂಡಲೇ ನನಗೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹಾಗಾಯಿತು.

"ಅಮ್ಮಾರ, ನಮ್ಮ ಹುಡುಗ್ಯಾರು ಹರಕ ಗಾದಿ ಮ್ಯಾಲ ಬಿದ್ದ ಬಿದ್ದ ಮೈ ನೋಯಿಸಿಕೊಂಡಾರ. ಹೊಸಾದು ಬೇಕ್ರಿ. ಕುದುರಿ ಹಾರಿ ಇಳಿಯೂದು ಅದರ ಮ್ಯಾಲನ."

"ಉದ್ದ ಅಗಲ ಹೇಳ್ರಿ. ಉಳಿದದ್ದು ನಮಗ ಬಿಡ್ರಿ," ಎಂದೆ.

"ಗಾದಿ ವಿಷಯ ನಿಮಗ ನಾ ಏನ್ ಹೇಳಲಿ," ಎಂದು ಅಳತೆಯ ಹಗ್ಗ ಕೊಟ್ಟು, ಚಹಾ ಕುಡಿದು, ಬಷೀರಾಳ ಕೈಯ ಚಹಾ ಹೊಗಳಿ ಹೋದರು. ಇಪ್ಪತ್ತು ವರ್ಷ ಆ ಚಹಾ ಕುಡಿದಿದ್ದೇನೆ. ಹೊಗಳಬೇಕು ಎಂದು ಹೊಳೆದಿರಲಿಲ್ಲ.

ದಾವಲಸಾಬ ತಾನು ಮಾಡುತ್ತೇನೆ ಎಂದ. "ನೀ ಹೊರಗಿನ ಮಂದಿಗೆ ಮಾಡು. ಇದರ ಮ್ಯಾಲ ಬೀಳಾಕಿ ನನ್ನ ಮೊಮ್ಮಗಳು," ಎಂದು ಹೇಳಿ ಅಟ್ಟದ ಮೂಟೆ ಇಳಿಸಲು ಹೇಳಿದೆ.

"ಅತ್ತಿ, ಅದು ಮದುವೀದಲ್ಲ?" ಎಂದಳು ಬಷೀರಾ.

"ಮದುವಿ ಆಗೂತನಾ ಸೊಂಟಾ ಉಳೀಬೇಕಲ್ಲ?" ಎಂದೆ. ಹುಡುಗಿಯ ಕುಣಿತ ನಿಲ್ಲಿಸುವುದಂತೂ ನನ್ನಿಂದ ಆಗದು. ಬಿದ್ದರೆ ಹೂವಿನ ರಾಶಿಯ ಮೇಲಾದರೂ ಬೀಳಲಿ.

೧೬ ಜನವರಿ, ಶುಕ್ರವಾರ

ಗಾದಿ ಮುಗಿಯಿತು. ಮದುಮಕ್ಕಳ ಗಾದಿಗೆ ಮಾಡುವ ಹಾಗೆ ಎರಡು ಸಲ ಹಿಂಜಿಸಿದೆ. ದಾವಲಸಾಬ ಹತ್ತಿ ಹಿಂಜುವ ಬಿಲ್ಲು ಮೀಟುವಾಗ ಅಂಗಡಿಯೆಲ್ಲ ಬಿಳಿ ಹೊಗೆ ತುಂಬಿದಂತಾಗಿ, ಚಂಪಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ಹೊಲಿಗೆಯನ್ನು ದೂರ ದೂರ ಹಾಕಿದೆ, ಅರಳೆಗೆ ಉಸಿರಾಡಲು ಜಾಗ ಬೇಕು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮದುವೆಯ ಗಾದಿಯಾಗಲಿ, ಒಳ್ಳೆಯ ಕೆಲಸಕ್ಕೆ ಹೋಗುವ ಗಾದಿಯಾಗಲಿ, ಅಂಗಡಿ ಬಿಡುವ ಮುಂಚೆ ಮನೆಯವರೊಬ್ಬರು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಉರುಳಬೇಕು. ಕೂಸು ಇದ್ದರೆ ಕೂಸನ್ನು ಉರುಳಿಸುತ್ತೇವೆ. ನಮ್ಮ ಮನೆಯವರ ಮೈಗೆ ಒಪ್ಪಿದ್ದನ್ನೇ ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಅದರ ಅರ್ಥ. ನಜಮು ಚಿಕ್ಕವಳಿದ್ದಾಗ ಎಷ್ಟು ಗಾದಿಗಳ ಮೇಲೆ ಉರುಳಿದ್ದಾಳೋ. ಇವತ್ತೂ ಅವಳೇ ಉರುಳಿದಳು. ನಡುವೆ ಹೋಗುವಾಗ ಗಾದಿ ಅವಳನ್ನು ನುಂಗಿಯೇ ಬಿಟ್ಟಿತು, ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ಇದರಲ್ಲಿ ಮಲಗಿದ್ರೆ ಮತ್ತೆ ಏಳ್ಲಿಕ್ಕೆ ಉಂಟಾ ಮಾರಾಯ್ತಿ," ಎಂದಳು ಚಂಪಾ.

ನನಗೆ ಹೆಮ್ಮೆಯಾಯಿತು. ಕೈಗಾಡಿಯಲ್ಲಿ ಕಟ್ಟಿ ಕಳಿಸಿದೆವು.

೨೧ ಜನವರಿ, ಬುಧವಾರ

ಮಧ್ಯಾಹ್ನ ನಜಮುವನ್ನು ಟ್ಯಾಕ್ಸಿಯಲ್ಲಿ ಕರೆತಂದರು. ಬಲಗಾಲಿನ ಹರಡು ಸೋರೆಕಾಯಿಯ ಹಾಗೆ ಊದಿದೆ. ಕುದುರೆ ಹಾರಿ ಇಳಿದದ್ದು ನನ್ನ ಗಾದಿಯ ಮೇಲೆ.

೨೩ ಜನವರಿ, ಶುಕ್ರವಾರ

ಸ್ಟೇಶನ್ ರಸ್ತೆಯ ಡಾಕ್ಟರು ಫೋಟೋ ತೆಗೆಸಿ ನೋಡಿದರು. ಎಲುಬು ಮುರಿದಿಲ್ಲ, ನರ ಉಳುಕಿದೆ. ಅಲ್ಲಾಹು ದೊಡ್ಡವನು. ಕೆಲವು ವಾರ ಕಾಲು ಊರಬಾರದಂತೆ. ಪರೀಕ್ಷೆಗೆ ಆಗುತ್ತದೆಯೇ ಎಂದು ನಜಮು ಕೇಳಿದಳು. ಡಾಕ್ಟರು ಕನ್ನಡಕ ಒರೆಸಿಕೊಂಡರು.

ಸಂಜೆಗೆ ಕಸ್ತೂರಿಬಾಯಿ ಬಂದರು. ನಾನು ಬಾಗಿಲಲ್ಲೇ ಕೇಳಿದೆ. "ಅಷ್ಟ ಮೆತ್ತಗ ಮಾಡಿದ್ನೆಲ್ಲರಿ ಬಾಯಾರ. ಕಲ್ಲಿನ ಮ್ಯಾಲ ಬಿದ್ದು ಉಳದಾಕಿಗೆ ಅರಳಿ ಮ್ಯಾಲ ಹ್ಯಾಂಗ ಪೆಟ್ಟಾತು?"

ಅವರು ನೆಲದ ಮೇಲೆಯೇ ಕುಳಿತರು. "ಮೆತ್ತಗ ಇದ್ದದ್ದಕ್ಕನ ಆತ್ರಿ ಅಮ್ಮಾರ. ಹಾರಿ ಇಳಿಯೂಮುಂದ ಕಾಲು ನೆಲಾ ಹುಡುಕತಾವ. ಗಾದಿ ಒಳಗ ಇಳಕೊಂಡ್ರ ಹಿಮ್ಮಡ ಒಂದು ಕಡೆ, ಬೆರಳು ಒಂದು ಕಡೆ ಹೊಳ್ಳತಾವ. ಬಿದ್ದಾರ ಮಲಗೂ ಗಾದಿ ಅಲ್ಲ ಇದು, ಎದ್ದು ನಿಂದರೂ ಗಾದಿ. ಬಿಗಿ ಇರಬೇಕು."

ನಾನು ನಜಮುವಿನ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ.

"ತಪ್ಪು ನಂದರಿ. ಹುಡುಗ್ಯಾರನ್ನ ಹಾರಸೂಕ್ಕಿಂತ ಮೊದಲು ನಾ ತುಳದು ನೋಡಬೇಕಾಗಿತ್ತು. ಅಷ್ಟು ಛಂದ ಗಾದಿ ನೋಡಿ ಮರತೆ," ಎಂದರು.

ತಪ್ಪನ್ನು ತಾವೇ ಎತ್ತಿಕೊಂಡು ಹೋಗುವವರನ್ನು ಏನೆಂದು ಬೈಯುವುದು? ಬಷೀರಾ ಚಹಾ ತಂದಳು. ಮೂವರೂ ಕುಡಿದೆವು.

ಮಗ ಮಾತ್ರ ಒಂದೇ ಮಾತು ಹೇಳಿ ಅಂಗಡಿಗೆ ಹೋದ. "ಆತಲ್ಲ, ಮುಗೀತು."

ನಜಮು ಗೋಡೆಯ ಕಡೆ ತಿರುಗಿ ಮಲಗಿದಳು.

೨೯ ಜನವರಿ, ಗುರುವಾರ

ನಜಮು ಗೋಡೆಯ ಕಡೆಯಿಂದ ಈ ಕಡೆ ತಿರುಗಿದ್ದಾಳೆ. ತಿರುಗಿಸಿದ್ದು ಹೋಂ ಸಾಯನ್ಸು. ಅವರಿಗೆ ರೋಗಿಯ ಶುಶ್ರೂಷೆ ಎಂಬ ಪಾಠವಿದೆ, ಅದಕ್ಕೂ ಪರೀಕ್ಷೆಯಿದೆ. ಮನೆಯಲ್ಲೇ ರೋಗಿ ಇದ್ದಾಳೆ, ಆ ರೋಗಿ ತಾನೇ, ಆದ್ದರಿಂದ ಪಟ್ಟಿ ಕಟ್ಟುವುದು ನಾನು ಕಲಿಯಬೇಕಂತೆ.

ಮೊದಲು ಕಟ್ಟಿದ್ದು ಗಾದಿಯ ಮೂಲೆ ಬಿಗಿದ ಹಾಗಾಯಿತು. ಬೆರಳು ನೀಲಿಯಾದವು.

"ದಾದಿ, ಪಾಂವ್ ಹೈ, ಗಾದಿ ಅಲ್ಲ. ಎಂಟು ಬರೀತೀರಲ್ಲ, ಹಾಗೆ ತಿರುಗಿಸಿ. ಕನ್ನಡದ್ದಲ್ಲ, ಇಂಗ್ಲಿಷ್ ಎಂಟು."

"ಇಂಗ್ಲಿಷ್ ಎಂಟು ನನಗೆಲ್ಲಿ ಬರ್ತೈತಿ?"

ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಎರಡು ಸೊನ್ನೆ ಒಂದರ ತಲೆಯ ಮೇಲೊಂದು ಕೂತಿವೆ. ಇಷ್ಟೇ. ನಾಲ್ಕನೆಯ ಸಲಕ್ಕೆ ಸರಿಯಾಯಿತು. "ಫಸ್ಟ್ ಕ್ಲಾಸ್" ಎಂದಳು. ಅರವತ್ತು ದಾಟಿದ ಮೇಲೆ ನನಗೆ ಫಸ್ಟ್ ಕ್ಲಾಸ್ ಸಿಕ್ಕಿತು. ಬಷೀರಾ ನಕ್ಕಳು. ಅವಳು ನಗುವುದು ಅಪರೂಪ, ಹಲ್ಲು ಎಷ್ಟು ಚೆನ್ನಾಗಿವೆ.

ಊತ ಇಳಿಯುತ್ತಿದೆ. ದೇವರ ದಯೆ, ಆ ಕಾಲೇಜಿನವರ ದಯೆಯೂ ಸ್ವಲ್ಪ.

೫ ಫೆಬ್ರವರಿ, ಗುರುವಾರ

ಇವತ್ತು ಕಾಲೇಜಿಗೆ ಹೋದೆ. ಹೋಗುವುದು ಎಂದು ತೀರ್ಮಾನ ಮಾಡಿದ್ದು ಬೆಳಿಗ್ಗೆ, ಹಲ್ಲುಜ್ಜುವಾಗ. ಈ ಊರಿಗೆ ಬಂದ ಮೇಲೆ ಲೋಕಲ್ ಹತ್ತಿದ್ದು ಬೆರಳಲ್ಲಿ ಎಣಿಸಬಹುದು, ಅದೂ ಹೆಣ ಇದ್ದ ಮನೆಗೆ ಇಲ್ಲವೇ ಹೆರಿಗೆಯ ಮನೆಗೆ. ಚಂಪಾಳನ್ನು ಜೊತೆಗೆ ಕರೆದುಕೊಂಡೆ.

"ಗಾದಿ ನೋಡ್ಲಿಕ್ಕೆ ರೈಲು ಹತ್ತುವ ಹೆಂಗಸು ನೀವು ಒಬ್ರೇ ಅಜ್ಜಿ," ಎಂದಳು.

"ನೀ ಮೀನು ತರಾಕ ರೈಲು ಹತ್ತತೀಯಲ್ಲ."

"ಮೀನು ತಿನ್ಲಿಕ್ಕಾದ್ರೂ ಆಗ್ತದೆ."

ಹೆಂಗಸರ ಡಬ್ಬಿಯಲ್ಲಿ ಒಬ್ಬ ಮರಾಠಿ ಹೆಣ್ಣುಮಗಳು ಎದ್ದು ನನಗೆ ಜಾಗ ಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ. ಮಾಟುಂಗಾ ರೋಡ್ ಸ್ಟೇಶನ್ನಿನಲ್ಲಿ ಇಳಿದು ಕೇಳಿಕೊಂಡು ಹೋದೆವು. ಕಸ್ತೂರಿಬಾಯಿ ನಮ್ಮನ್ನು ಕಂಡು ಸೀಟಿ ಊದುವುದನ್ನು ಬಿಟ್ಟು ಓಡಿ ಬಂದರು. ಕಾಲೇಜಿನ ಹಳೆಯ ಗಾದಿಯ ಒಂದು ಮೂಲೆಯ ಹೊಲಿಗೆ ನಾನೇ ಬಿಚ್ಚಿದೆ. ಕೆಳಗೆ ತೆಂಗಿನ ನಾರು, ಮೇಲೆ ಗಿರಣಿಯ ಒರಟು ರದ್ದಿ ಹತ್ತಿ, ಒತ್ತಿ ಒತ್ತಿ ತುಂಬಿದ್ದಾರೆ. ಹೊಲಿಗೆ ಬೆರಳಗಲಕ್ಕೆ ಒಂದು. ಇದು ವಯಸ್ಸಾಗಿ ಗಟ್ಟಿಯಾದ ಗಾದಿಯಲ್ಲ, ಗಟ್ಟಿಯಾಗಿಯೇ ಹುಟ್ಟಿದ್ದು. ಜನ್ಮವಿಡೀ ಗಟ್ಟಿಯಾದದ್ದನ್ನು ಮೆತ್ತಗೆ ಮಾಡಿದ ಮನೆತನ ನಮ್ಮದು. ಬೇಕೆಂದೇ ಗಟ್ಟಿ ಮಾಡುವವರು ಇರುತ್ತಾರೆ ಎಂದು ಹೇಗೆ ಹೊಳೆಯಬೇಕು?

ಒಬ್ಬರೂ ನಗಲಿಲ್ಲ. ಹುಡುಗಿಯರು ಸುತ್ತ ಕೂತು "ದಾದಿ, ನಜಮಾ ಕೈಸಿ ಹೈ" ಎಂದು ಕೇಳಿದರು. ಮೂಲೆ ಹೊಲಿದುಕೊಟ್ಟ ಮೇಲೆ ಅವರು ಅದರ ಮೇಲೆ ಕುದುರೆ ಹಾರುವುದನ್ನು ಬೆಂಚಿನ ಮೇಲೆ ಕೂತು ನೋಡಿದೆ. ಓಡಿ ಬಂದು, ಕೈ ಊರಿ, ಕಾಲು ಎರಡೂ ಕಡೆ ಬಿಚ್ಚಿ, ಗಾಳಿಯಲ್ಲಿ ಒಂದು ಗಳಿಗೆ ಯಾರ ಕೈಗೂ ಸಿಗದ ಹಾಗೆ ಇರುತ್ತಾರೆ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ ಎಂದು ಚಂಪಾ ಚಾಳಿನಲ್ಲೆಲ್ಲ ಹೇಳಿದ್ದಾಳೆ. ಅವಳ ಮಾತು ಯಾರು ನಂಬುತ್ತಾರೆ.

೮ ಫೆಬ್ರವರಿ, ರವಿವಾರ

ನನ್ನ ಗಾದಿ ಕೈಗಾಡಿಯಲ್ಲಿ ವಾಪಸು ಬಂತು. ಬಿಚ್ಚಿದೆ. ಹೊಸದು ಮಾಡಲು ನಾರು ಬೇಕು, ಪರೇಲಿನ ಗಿರಣಿಯಿಂದ ರದ್ದಿ ಹತ್ತಿ ಬೇಕು ಎಂದು ದಾವಲಸಾಬನಿಗೆ ಹೇಳಿದೆ.

"ಯಾರಿಗವ್ವ? ಆಕೀ ಪರೀಕ್ಷಾ ಮುಗೀತಂತ ಹೇಳೀನಲ್ಲ."

"ಮಾರ್ಚ್ ಇನ್ನೂ ಬಂದಿಲ್ಲ. ಬರೂದ್ರಾಗ ಹ್ಯಾಂಗ ಮುಗೀತೈತಿ?"

"ಆ ಕಾಲಿನ್ಯಾಗ ಹಾರಿ ಇನ್ನೊಂದು ಮುರಕೊಂಡ್ರ ಬಾಗಲಕೋಟಿಯವರಿಗೆ ಏನಂತ ಹೇಳಲಿ?"

"ಅವರು ಹುಡುಗೀನ್ನ ನೋಡಾಕ ಬರ್ತಾರೋ, ಎತ್ತಿನ ಸಂತಿಗೆ ಬರ್ತಾರೋ?"

ಅವನು ಬಿಲ್ಲು ಕೆಳಗಿಟ್ಟ. "ಅವ್ವಾ, ನೀನ ಅಂತಿದ್ದೆಲ್ಲ, ಲಾಗ ಹೊಡಿಯೂದು ಸರ್ಕಸ್ಸಿನವ್ರ ಕೆಲಸ ಅಂತ."

"ನಾನಾ? ಯಾವಾಗ ಅಂದ್ನಿ?"

ಅಂಥ ಮಾತು ನಾನು ಆಡಿದವಳಲ್ಲ. ಅವನಿಗೆ ಈಚೆಗೆ ನೆನಪು ಕಡಿಮೆಯಾಗಿದೆ, ಗಂಜಿ ಬಿಟ್ಟದ್ದರಿಂದ ಇರಬೇಕು.

ಆಗ ಬಷೀರಾ ಒಳಗಿನಿಂದ ಬಂದಳು. ಮಾವ ಇದ್ದಾಗ ಅಂಗಡಿಯ ಹೊಸ್ತಿಲು ದಾಟದವಳು, ಗಂಡನ ಎದುರು ನಿಂತು, "ಒಂದ ಸಲ ಅಂತ ನೀವ ಮಾತು ಕೊಟ್ಟೀರಿ. ಆ ಒಂದ ಸಲ ಆಕೀದು. ಹಾರೂದು ಬಿಡೂದು ಆಕೀ ಹೇಳಲಿ," ಎಂದಳು. ಎಂದು ಸೌಟು ಹಿಡಿದುಕೊಂಡು ಒಳಗೆ ಹೋದಳು.

ಅವನು ಬಿಲ್ಲಿನ ತಂತಿ ಒರೆಸುತ್ತ ಕೂತ. ಸಂಜೆಗೆ ನಾರಿನ ಕಟ್ಟು ಬಂತು.

೨೦ ಫೆಬ್ರವರಿ, ಶುಕ್ರವಾರ

ಬಕ್ರೀದ್ ಆಯಿತು. ನಜಮು ಕಾಲು ಊರುತ್ತಾಳೆ. ಕಸ್ತೂರಿಬಾಯಿ ಬಂದು ಕಾಲಿನ ಕಸರತ್ತು ಹೇಳಿಕೊಟ್ಟು ಹೋಗಿದ್ದಾರೆ. ಗೋಡೆ ಹಿಡಿದು ಬೆರಳ ತುದಿಯ ಮೇಲೆ ಏಳುವುದು, ನಿಧಾನ ಇಳಿಯುವುದು. ಒಂಟಿಗಾಲಿನಲ್ಲಿ ನಿಲ್ಲುವುದು. ನಜಮುವಿಗೆ ಬೇಸರ ಬರಬಾರದು ಎಂದು ನಾನೂ ಪಕ್ಕದಲ್ಲಿ ಗೋಡೆ ಹಿಡಿದು ಏಳುತ್ತೇನೆ, ಇಳಿಯುತ್ತೇನೆ. ಅಷ್ಟೇ. ಚಂಪಾ ಇದನ್ನು ನೋಡಿ, "ಅಜ್ಜಿ ಯಾವ ಶಾಲೆಗೆ ಸೇರಿದ್ದು?" ಎಂದಳು. ಒಂಟಿಗಾಲಿನಲ್ಲಿ ಇದ್ದದ್ದರಿಂದ ಉತ್ತರ ಕೊಡಲು ಆಗಲಿಲ್ಲ.

ಈಚೆಗೆ ನಲ್ಲಿಯಿಂದ ಕೊಡ ತರುವಾಗ ನಡುವೆ ಇಳಿಸುವುದಿಲ್ಲ. ಬಷೀರಾ ಸಣ್ಣ ಕೊಡ ತಂದಿದ್ದಾ‌ಳೇನೋ, ಕೇಳಬೇಕು.

ನಜಮು ಇವತ್ತು ಹೇಳಿದಳು. "ದಾದಿ, ಅಂದು ನನಗೆ ನೀವು ಮಾಡಿದ ಗಾದಿಯ ಮೇಲೆ ಕೋಪ ಬರಲಿಲ್ಲ, ಗೊತ್ತಾ? ಬೀಳುವಾಗ ಕೂಡ ದಾದಾನ ರೂಈ ವಾಸನೆ ಬಂತು."

ದಾದಾ ಅಂದರೆ ನಮ್ಮವರು. ಅವರು ತಂದ ಅರಳೆಯ ವಾಸನೆ ಅದು. ನಾನು ಎದ್ದು ಒಲೆ ಊದಲು ಹೋದೆ. ಒಲೆ ಉರಿಯುತ್ತಲೇ ಇತ್ತು.

೨೭ ಫೆಬ್ರವರಿ, ಶುಕ್ರವಾರ

ಹೊಸ ಗಾದಿ ಮುಗಿಯಿತು. ನಾರು ತುಂಬಿ ದಾವಲಸಾಬ ತುಳಿದ, ರದ್ದಿ ಹತ್ತಿ ತುಂಬಿ ಮತ್ತೆ ತುಳಿದ. ನಾನೂ ಬಷೀರಾಳೂ ಎದುರುಬದುರು ಕೂತು ದಬ್ಬಣ ಹಾಕಿದೆವು. ನಾನು ಚುಚ್ಚಿ ಕೆಳಗೆ ಕಳಿಸಿದ್ದನ್ನು ಅವಳು ಎಳೆದು ಬಿಗಿಯುವಳು. ಅವಳ ಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಬೆರಳು ಒತ್ತಿದರೆ ಗಾದಿ ಒಳಗೆ ಹೋಗುವುದಿಲ್ಲ, ಬೆರಳನ್ನು ಹಿಂದಕ್ಕೆ ಕಳಿಸುತ್ತದೆ.

ಉರುಳುವುದು ಬಾಕಿ ಇತ್ತು. ನಜಮುವಿನ ಕಾಲು ನಾಜೂಕು, ಬೇಡ ಎಂದೆ. ಮನೆಯಲ್ಲಿ ಕೂಸು ಇಲ್ಲ. ಬಷೀರಾ ನಾಚಿ ಒಳಗೆ ಹೋದಳು. ದಾವಲಸಾಬ ಗಿರಾಕಿ ಬಂದರು ಎಂದು ಬೀದಿ ನೋಡಿದ, ಬೀದಿಯಲ್ಲಿ ಆಡು ಇತ್ತು.

ಅಂಗಡಿಯ ಬಾಗಿಲು ಅರ್ಧ ಮುಚ್ಚಿಸಿದೆ. ಸೆರಗು ಬಿಗಿದುಕೊಂಡೆ, ಮಲಗಿದೆ, ಉರುಳಿದೆ. ಮೊದಲ ಸುತ್ತಿಗೆ ಸೊಂಟದ ಎಲುಬು ಸಲಾಂ ಹೇಳಿತು. ಎರಡನೆಯದಕ್ಕೆ ಅಭ್ಯಾಸವಾಯಿತು. ಆ ತುದಿಯಲ್ಲಿ ಎದ್ದು ಕೂತಾಗ ಚಂಪಾ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

"ಎಂತ ಅಜ್ಜಿ, ಹಲ್ಲುಗಳೆಲ್ಲ ಇದ್ದಾವಾ?"

"ಇದ್ದದ್ದ ನಾಲ್ಕು. ನಾಲ್ಕೂ ಅದಾವ."

ಒಪ್ಪಿತು ಗಾದಿ.

೧೪ ಮಾರ್ಚ್, ಶನಿವಾರ

ಊಟಕ್ಕೆ ಕರೆಯುತ್ತಿದ್ದಾರೆ, ಬರೆದೇ ಏಳುತ್ತೇನೆ.

ಪಿ.ಟಿ. ಪರೀಕ್ಷೆ ಇವತ್ತು. ನಾನೂ ಬಷೀರಾಳೂ ಹೋದೆವು. ದಾವಲಸಾಬ ಬರುವುದಿಲ್ಲ ಎಂದವನು ಸ್ಟೇಶನ್ನಿನವರೆಗೆ ಬಂದು, ಟಿಕೀಟು ತೆಗೆಸಿಕೊಟ್ಟು, ನಿಂತೇ ಇದ್ದ. ಗಾಡಿ ಬಿಟ್ಟಾಗ ಮುಂದಿನ ಗಂಡಸರ ಡಬ್ಬಿಯಲ್ಲಿ ಇದ್ದ.

ಪುಣೆಯಿಂದ ಬಂದ ಪರೀಕ್ಷೆಯ ಬಾಯಿ ಕುರ್ಚಿಯಲ್ಲಿ ಕೂತಿದ್ದರು. ಕಾಲು ಹುಷಾರಿಲ್ಲದಿದ್ದರೆ ಕುದುರೆ ಬಿಟ್ಟುಬಿಡಬಹುದು, ಆದರೆ ಅದರ ಮಾರ್ಕು ಹೋಗುತ್ತದೆ, ಆ ಮಾರ್ಕು ಇಲ್ಲದೆ ಪಾಸಾಗುವುದಿಲ್ಲ ಎಂದು ಕಸ್ತೂರಿಬಾಯಿ ಮೊದಲೇ ಹೇಳಿದ್ದರು. "ಹಾರ್ತೀನಿ" ಎಂದಿದ್ದಳು ನಜಮು. ಬಷೀರಾ ಹೊಲಿದುಕೊಟ್ಟ ಬಿಳಿ ಸಲ್ವಾರು ಹಾಕಿದ್ದಳು. ಓಡಿ ಬಂದಳು. ಕುದುರೆಯ ಹತ್ತಿರ ಬಂದು ನಿಂತುಬಿಟ್ಟಳು.

ಹಿಂದೆ ಹೋದಳು. ಮತ್ತೆ ಓಡಿ ಬಂದಳು. ಮತ್ತೆ ನಿಂತಳು. ಅವಳು ಕುದುರೆಯನ್ನು ನೋಡುತ್ತಿರಲಿಲ್ಲ, ಅದರಾಚೆಗಿನ ಗಾದಿಯನ್ನು ನೋಡುತ್ತಿದ್ದಳು. ಅದು ನನಗೆ ತಿಳಿಯಿತು. ಬೇರೆ ಯಾರಿಗೆ ತಿಳಿಯಬೇಕು?

ಪುಣೆಯ ಬಾಯಿ ಮರಾಠಿಯಲ್ಲಿ ಇನ್ನು ಒಂದೇ ಸಲ ಎಂದರು. ಬಷೀರಾ ನನ್ನ ಮಣಿಕಟ್ಟು ಹಿಡಿದಳು. ಗಾದಿ ಬಿಗಿದ ಕೈ, ಬಳೆ ಒತ್ತಿತು. ನಾನು ಬೆಂಚಿನಿಂದ ಎದ್ದೆ.

"ನಜಮೂ," ಎಂದೆ. ನನ್ನ ದನಿ ಚಾಳಿನ ಈ ತುದಿಯಿಂದ ಆ ತುದಿಗೆ ಹೋಗುವಂಥದ್ದು, ಆ ಮೈದಾನ ಏನು ಮಹಾ. "ಅದರ ಮ್ಯಾಲ ನಾ ಉರುಳೇನಿ."

ಪುಣೆಯ ಬಾಯಿಗೆ ಅರ್ಥವಾಗಲಿಲ್ಲ. ಹುಡುಗಿಯರಿಗೂ ಆಗಲಿಲ್ಲ. ಕಸ್ತೂರಿಬಾಯಿ ಮುಖ ಆ ಕಡೆ ತಿರುಗಿಸಿದರು. ನಜಮು ನನ್ನ ಕಡೆ ನೋಡಿದಳು, ಗಾದಿಯ ಕಡೆ ನೋಡಿದಳು. ಅವಳಿಗೆ ನಗು ಬಂತು. ಮೈಯೆಲ್ಲ ಸಡಿಲವಾಗುವ ಹಾಗೆ ನಕ್ಕಳು. ಆ ನಗೆಯಲ್ಲೇ ಓಡಿದಳು.

ಕೈ ಊರಿದಳು. ಏರಿದಳು. ಗಾಳಿಯಲ್ಲಿ ಇದ್ದಳು.

ಇಳಿದಾಗ ಒಂದೇ ಶಬ್ದ, ಒಳ್ಳೆಯ ಬಾಗಿಲು ಮುಚ್ಚಿಕೊಂಡ ಹಾಗೆ. ಎರಡೂ ಕಾಲು ಕೂಡಿ, ನೆಟ್ಟಗೆ. ಗಾದಿ ಅವಳನ್ನು ನುಂಗಲಿಲ್ಲ. ಎತ್ತಿ ನಿಲ್ಲಿಸಿತು. ಆಮೇಲೆ ಅದರ ಮೇಲೆಯೇ ಒಂದು ಲಾಗ ಹೊಡೆದು ಎದ್ದು ಕೈ ಚಾಚಿ ನಿಂತಳು.

"ಇನ್ನೊಮ್ಮೆ ಹಾರಲಿ ಅಂತ ಕೇಳ್ರಿ ಬಾಯಾರ," ಎಂದೆ.

"ಸಾಕ್ರಿ ಅಮ್ಮಾರ, ಕೂಡ್ರಿ," ಎಂದರು ಕಸ್ತೂರಿಬಾಯಿ. ಅವರ ಕಣ್ಣು ಒದ್ದೆಯಾಗಿತ್ತು.

ಗೇಟಿನ ಹೊರಗೆ ದಾವಲಸಾಬ ಕಡಲೆಕಾಯಿ ತಿನ್ನುತ್ತ ನಿಂತಿದ್ದ. ಏನಾಯಿತು ಎಂದು ಕೇಳಲಿಲ್ಲ. ಕಾಂಪೌಂಡಿನ ಗೋಡೆ ಅಷ್ಟೇನೂ ಎತ್ತರವಿಲ್ಲ, ಅವನ ಬೂಟಿನ ತುದಿಗೆ ಆ ಗೋಡೆಯ ಸುಣ್ಣ ಹತ್ತಿತ್ತು. ಮಗಳ ಕೈಗೆ ಪೊಟ್ಟಣ ಕೊಟ್ಟು, "ಕಾಲು ನೋಯ್ತೈತೇನು?" ಎಂದ.

೨೧ ಮಾರ್ಚ್, ಶನಿವಾರ

ಹೋಂ ಸಾಯನ್ಸಿನ ಪರೀಕ್ಷೆಯೂ ಮುಗಿಯಿತು. ಕೂಸಿನ ಆರೈಕೆಯಲ್ಲಿ ಒಂದು ವಸ್ತು ತಾವೇ ಮಾಡಿ ಒಪ್ಪಿಸಬೇಕಂತೆ. ಬೇರೆ ಹುಡುಗಿಯರು ಟೊಪ್ಪಿಗೆ ಹೆಣೆದರಂತೆ. ನಜಮು ನನ್ನ ಹತ್ತಿರ ಬಂದು, ಬಿಚ್ಚಿದ ಅರಳೆ ಇದೆಯಲ್ಲ ದಾದಿ, ಎಂದಳು.

ಕೊಟ್ಟೆ. ದಾವಲಸಾಬ ಮತ್ತೆ ಹಿಂಜಿದ. ಅವಳೇ ಹೊಲಿದಳು, ವಕ್ರವಾದಲ್ಲಿ ನಾನು ಬಿಚ್ಚಿಸಿದೆ. ಕಾಲೇಜಿನವರು ನಡೆಸುವ ಬಾಲವಾಡಿಗೆ ಒಂದು ಸಾಲು ಸಣ್ಣ ಗಾದಿಗಳಾದವು. ಗಿರಣಿಯ ಕೆಲಸದ ಹೆಂಗಸರು ಕೂಸುಗಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ. ಇವತ್ತು ನೋಡಿಕೊಂಡು ಬಂದೆ. ನಮ್ಮವರ ಅರಳೆಯ ಮೇಲೆ ಯಾರ ಯಾರದೋ ಮಕ್ಕಳು ಬಾಯಿ ತೆರೆದು ಮಲಗಿವೆ. ಒಂದು ಎದ್ದು ಒದ್ದೆ ಮಾಡಿತು. ನಮ್ಮವರು ಇದ್ದಿದ್ದರೆ ಬಹಳ ನಗುತ್ತಿದ್ದರು.

೭ ಜೂನ್, ರವಿವಾರ

ನಜಮು ಎರಡರಲ್ಲೂ ಪಾಸು. ಪರೇಲಿನ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ಪಿ.ಟಿ. ಮತ್ತು ಹೋಂ ಸಾಯನ್ಸ್ ಕಲಿಸಲು ತೆಗೆದುಕೊಂಡಿದ್ದಾರೆ. ನಾಳೆ ಮೊದಲ ದಿನ. ಅಲ್ಹಮ್ದುಲಿಲ್ಲಾ. ಇನ್ನು ಯಾರು ಯಾರಿಗೆ ಹೇಳಲಿ: ಕಸ್ತೂರಿಬಾಯಿಗೆ, ಸ್ಟೇಶನ್ ರಸ್ತೆಯ ಡಾಕ್ಟರಿಗೆ, ಜಾಗ ಬಿಟ್ಟುಕೊಟ್ಟ ಆ ಮರಾಠಿ ಹೆಣ್ಣುಮಗಳಿಗೆ, ಚಂಪಾಳಿಗೆ ಕೂಡ. ಬಷೀರಾಳಿಗೆ ಎದುರಿಗೇ ಹೇಳಿದೆ. ಚಹಾ ಚೆನ್ನಾಗಿದೆ ಎಂದೆ. ಅವಳು ಹೆದರಿ, "ಯಾಕತ್ತಿ, ಆರಾಮ ಇಲ್ಲೇನು?" ಎಂದಳು.

ಬಾಗಲಕೋಟೆಯಿಂದ ಮತ್ತೆ ಕೇಳಿ ಕಳಿಸಿದ್ದಾರೆ. ದಾವಲಸಾಬ ಊಟಕ್ಕೆ ಕೂತಾಗ ಅಟ್ಟ ನೋಡಿದ.

"ಹೂಂ ಅಂದ್ರೂ ಮದುವಿ ಗಾದಿಗೆ ಅರಳಿ ಎಲ್ಲೈತಿ ಅವ್ವಾ? ಅಪ್ಪ ಇಟ್ಟದ್ದೆಲ್ಲ ಮಂದಿ ಕೂಸುಗಳಿಗೆ ಕೊಟ್ಟಿ."

"ಹತ್ತಿ ವರ್ಷಾ ಬೆಳೀತೈತಿ. ಏನು ಅವಸರ? ಆಕೀಗೆ ಬೇಕಾದಾಗ ಆಕೀನ ಹೇಳತಾಳ," ಎಂದೆ.

ಅವನು ನನ್ನ ಮುಖ ನೋಡಿದ. ಏನು ನೋಡಿದನೋ. ಆಮೇಲೆ ಇನ್ನಷ್ಟು ಅನ್ನ ಹಾಕಿಸಿಕೊಂಡ, ಬಸಿಯದ್ದು.

ನಜಮುವಿನ ಸಾಲೆಯವರು ಒಂದು ಗಾದಿ ಹೇಳಿದ್ದರು. ಅದೂ ಇವತ್ತು ಮುಗಿಯಿತು. ಸಂಜೆ ಅಂಗಡಿಯ ಬಾಗಿಲು ಮುಚ್ಚಿಸದೆಯೇ ಉರುಳಿದೆ. ಬೀದಿಯಲ್ಲಿ ಹೋಗುವವರು ನೋಡಿಕೊಳ್ಳಲಿ. ಚಂಪಾ ಮೀನಿನ ಚೀಲ ಹಿಡಿದು ನಿಂತು ನಗುತ್ತಿದ್ದಳು.

"ಚೀಲ ಅಲ್ಲಿಡು, ಬಾ," ಎಂದೆ.

"ನಾನೆಂತಕ್ಕೆ? ಪದ್ಧತಿ ನಿಮ್ಮ ಮನೆಯವರಿಗಲ್ವಾ ಅಜ್ಜಿ?"

"ಹೌದು. ಅದಕ್ಕನ ಬಾ ಅಂದೆ."

ಅವಳು ಚೀಲ ಇಟ್ಟಳು.